ತಿಕೋಟಾ ಅಕ್ಕೋರ ಹೆಪ್ಪು

ತಿಕೋಟಾದ ಹೆಣ್ಣುಮಕ್ಕಳ ಶಾಲೆಯ ಹೊಸ ಅಕ್ಕೋರನ್ನು ಯಾರಾದರೂ ಹೊಗಳಿದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಹೊಸ ಅಕ್ಕೋರು ಎಂದೆ. ಆಕೆ ಅಲ್ಲಿಗೆ ಕಲಿಸಲು ಬಂದದ್ದು ಅರವತ್ತರ ದಶಕದ ಮೊದಲಲ್ಲಿ. ಈಗ ಆಕೆಯ ತಲೆಯೂ ನನ್ನ ಹಾಗೆ ಬೆಳ್ಳಗಾಗಿರಬೇಕು. ಆದರೆ ಆ ಶಾಲೆಯ ಹಳೆಯ ಅಕ್ಕೋರು ನಾನು, ಹಾಗಾಗಿ ನನ್ನ ಪಾಲಿಗೆ ಆಕೆ ಯಾವತ್ತೂ ಹೊಸಬಳೇ.

ಐವತ್ತರ ದಶಕದ ಕೊನೆಯಲ್ಲಿ ನಾನು ಅಲ್ಲಿ ಕಲಿಸುತ್ತಿದ್ದೆ. ಹೆಣ್ಣುಮಕ್ಕಳು ಶಾಲೆಗೆ ಬರಲಿ ಎಂದು ಸರಕಾರ ಬೇರೆಯೇ ದುಡ್ಡು ತೆಗೆದಿಟ್ಟು, ಆರಿಸಿದ ಕೆಲವು ಶಾಲೆಗಳಿಗೆ ಎರಡು ಅನುಕೂಲ ಮಾಡಿಕೊಟ್ಟಿತ್ತು. ಒಂದು, ಹಾಲಿನ ಪುಡಿಯ ಚೀಲ. ಇನ್ನೊಂದು, ಮನೆಮನೆಗೆ ಹೋಗಿ ಹುಡುಗಿಯರನ್ನು ಕರೆತರಲು ಪಗಾರದ ಮೇಲೆ ಒಬ್ಬ ಹೆಂಗಸು. ಕಾಗದದಲ್ಲಿ ಆಕೆ ಶಾಲಾ ಮಾತೆ, ಹುಡುಗಿಯರ ಬಾಯಲ್ಲಿ ಆಯಿ. ಇದಕ್ಕೆಲ್ಲ ನಿಯಮಗಳೂ ಇದ್ದವು. ಪುಡಿಯನ್ನು ಬಿಸಿನೀರಿನಲ್ಲಿ ಕಲಸಿ ಹಾಲು ಮಾಡಬೇಕು, ಅಕ್ಕೋರ ಕಣ್ಣೆದುರೇ ಕುಡಿಸಬೇಕು, ಒಂದು ಹನಿಯೂ ಶಾಲೆಯ ಹೊಸ್ತಿಲು ದಾಟಬಾರದು.

ನಾನು ನಿಯಮ ಮೀರುವವಳಲ್ಲ. ಕುಡಿಸಿದೆ. ಹುಡುಗಿಯರು ಮೂಗು ಹಿಡಿದು ಬಾಯಿತುಂಬ ತುಂಬಿಕೊಂಡು, ಹಿತ್ತಲಿಗೆ ಓಡಿ ಬೇವಿನ ಗಿಡದ ಬುಡಕ್ಕೆ ಉಗುಳಿ ಬರುತ್ತಿದ್ದರು. ನುಂಗಿದ ಕೆಲವರಿಗೆ ಹೊಟ್ಟೆ ಕೆಡುತ್ತಿತ್ತು. ಕುಂಬಾರರ ಮನೆಯ ಹುಡುಗಿಯೊಬ್ಬಳು ನನ್ನನ್ನು ದೂರದಿಂದ ಕಂಡರೆ ಸಾಕು, ಗಡಿಗೆಗಳ ಸಾಲಿನ ಹಿಂದೆ ಅಡಗುತ್ತಿದ್ದಳು. “ನಾರೂ ಹಾಲ ಕುಡಸ್ತೀರಿ, ನಾ ಸಾಲಿಗೆ ಬರಾಂಗಿಲ್ಲ,” ಎಂದು ಅಲ್ಲಿಂದಲೇ ಕೂಗುತ್ತಿದ್ದಳು. ನಾನು ಆ ಊರು ಬಿಡುವ ಹೊತ್ತಿಗೆ ಶಾಲೆ ಅರ್ಧ ಖಾಲಿ, ಬೇವಿನ ಗಿಡ ಮಾತ್ರ ಸೊಂಪಾಗಿತ್ತು.

ಆಮೇಲೆ ನನಗೆ ಬಡ್ತಿಯಾಗಿ ವಿಜಾಪುರಕ್ಕೆ ಬಂದೆ. ಗೋಳಗುಮ್ಮಟದ ಹತ್ತಿರ ಒಂದು ಖೋಲಿ ಹಿಡಿದೆ. ಈ ವಿಶೇಷ ಅನುದಾನದ ಶಾಲೆಗಳು ನಿಯಮದಂತೆ ನಡೆಯುತ್ತಿವೆಯೋ ಇಲ್ಲವೋ ಎಂದು ಊರೂರು ತಿರುಗಿ ನೋಡುವುದೇ ನನ್ನ ಹೊಸ ಕೆಲಸ. ತಪ್ಪು ಕಂಡು ನಾನು ವರದಿ ಕೊಟ್ಟರೆ ಹಾಲಿನ ಚೀಲವೂ ನಿಲ್ಲುತ್ತಿತ್ತು, ಆಯಿಯ ಪಗಾರವೂ ನಿಲ್ಲುತ್ತಿತ್ತು, ಎರಡೂ ಬೇರೆ ಊರಿನ ಪಾಲಾಗುತ್ತಿದ್ದವು.

ಒಂದು ದಿನ ಆಫೀಸಿನಲ್ಲಿ ನಮ್ಮ ಸಾಹೇಬರು ನನ್ನನ್ನು ಕರೆದರು. “ತಿಕೋಟಾದಾಗ ಸಾಲಿ ತುಂಬಿ ಹುಡಿಗ್ಯಾರು ಕಟ್ಟೀ ಮ್ಯಾಲೆ ಕುಂಡ್ರಾಕತ್ತಾರಂತ. ಆ ಹೊಸಾ ಅಕ್ಕೋರು ಏನ ಮಾಡ್ಯಾರೋ, ಒಂದ ಸಲ ನೋಡಿ ಬರ್ರಿ,” ಎಂದರು. ಅದೇ ಶಾಲೆಯಲ್ಲಿ ನಾನು ಗಂಟಲು ಹರಿದುಕೊಂಡದ್ದು ಅವರಿಗೆ ನೆನಪಿಗೇ ಬರಲಿಲ್ಲ. ಆ ಹೊಸಬಳು ಏನೋ ಒಂದು ತಪ್ಪು ಮಾಡಿಯೇ ಇರುತ್ತಾಳೆ, ಇಲ್ಲದಿದ್ದರೆ ನನಗೆ ಆಗದ್ದು ಆಕೆಗೆ ಹೇಗೆ ಆಗುತ್ತದೆ ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಯೋಚಿಸಿದೆ. ಮುಂಚೆ ತಿಳಿಸದೆ ಹೋಗುವುದು ನಮ್ಮ ಕೆಲಸದ ಪದ್ಧತಿ. ಅಂದು ಆ ಪದ್ಧತಿಯನ್ನು ಬಹಳ ಖುಷಿಯಿಂದ ಪಾಲಿಸಿದೆ.

ಹೋದಾಗ ಹಾಲು ಕುಡಿಸುವ ಹೊತ್ತು. ಹುಡುಗಿಯರು ಪಡಸಾಲೆಯಲ್ಲಿ ಸಾಲಾಗಿ ಕುಳಿತು, ಮನೆಯಿಂದ ತಂದ ಬಟ್ಟಲು, ನಮ್ಮ ಕಡೆಯ ವಾಟಗ, ಮುಂದಿಟ್ಟುಕೊಂಡು ಕಾಯುತ್ತಿದ್ದರು. ಮೂಗು ಹಿಡಿದವಳು ಒಬ್ಬಳೂ ಇಲ್ಲ. ಮುಂದಿನ ಸಾಲಿನಲ್ಲಿ, ಹೊಸ ಅಕ್ಕೋರ ಸೀರೆಯ ಸೆರಗಿಗೆ ಆತುಕೊಂಡು, ಅದೇ ಕುಂಬಾರರ ಹುಡುಗಿ. ನನ್ನನ್ನು ನೋಡಿ ನಕ್ಕಳು, ಎದ್ದು ಬರಲಿಲ್ಲ. ಎದೆಯಲ್ಲಿ ಮೆಣಸಿನಕಾಯಿ ಅರೆದ ಹಾಗಾಯಿತು. ಆಯಿ ದೊಡ್ಡ ಮಣ್ಣಿನ ಗಡಿಗೆಯಿಂದ ನೀಡುತ್ತ ಬಂದಳು. ನೀಡುತ್ತಿದ್ದದ್ದು ಹಾಲಲ್ಲ. ಉಪ್ಪು, ಜೀರಿಗೆ, ಜಜ್ಜಿದ ಬೆಳ್ಳುಳ್ಳಿ ಹಾಕಿದ ಮಜ್ಜಿಗೆ.

ಸಿಕ್ಕಿಬಿದ್ದಳು ಎಂದುಕೊಂಡೆ. “ಸರಕಾರ ಹಾಲ ಕುಡಸ್ರಿ ಅಂದೈತಿ, ಮಜ್ಜಗಿ ಮಾಡ್ರಿ ಅಂದಿಲ್ಲ,” ಎಂದೆ.

ಹೊಸ ಅಕ್ಕೋರ ಮುಖ ಬಾಡಿತು. “ಅದೇ ಪುಡಿ ಹಾಲರಿ ಬಾಯಾರ. ಸಂಜೀಕ ಕಾಸಿ ಹೆಪ್ಪ ಹಾಕಿ ಹೋಗ್ತೇವ್ರಿ. ಹಸೇ ಹಾಲ ಇವರ ಹೊಟ್ಟಿಗೆ ಆಗಿಬರೂದಿಲ್ರಿ,” ಎಂದಳು.

“ಕಡದ ಮ್ಯಾಲೆ ಬಂದ ಬೆಣ್ಣಿ ಎಲ್ಲೈತಿ? ಯಾರ ಮನಿಗೆ ಹೋಗತೈತಿ?” ಇದು ನನ್ನ ಕೊನೆಯ ಬಾಣ.

ಹುಡುಗಿಯರೆಲ್ಲ ಒಮ್ಮೆಲೇ ನಕ್ಕರು. ಆಯಿ ಮಾತ್ರ ನಗು ತಡೆದುಕೊಂಡು, “ಆ ಪುಡಿಯಾಗಿನ ಬೆಣ್ಣಿ ಮದಲೇ ತಗದಿರ್ತಾರರಿ ಬಾಯಾರ. ಎಷ್ಟ ಕಡದ್ರೂ ಬರೇ ಬುರುಗು ಬರತೈತ್ರಿ,” ಎಂದಳು. ನಾನು ಬಬಲೇಶ್ವರದ ಒಕ್ಕಲುತನದ ಮನೆಯವಳು, ಎಮ್ಮೆಗಳ ನಡುವೆ ಬೆಳೆದವಳು. ಮಜ್ಜಿಗೆ ಅಂದಮೇಲೆ ಬೆಣ್ಣೆ ಇದ್ದೇ ಇರುತ್ತದೆ ಎಂಬುದು ನನ್ನ ತಲೆಯಲ್ಲಿ ಗಟ್ಟಿ ಕುಳಿತಿತ್ತು.

ಅಷ್ಟರಲ್ಲಿ ಆಯಿ ನನ್ನ ಕೈಗೂ ಒಂದು ವಾಟಗ ಕೊಟ್ಟಳು. ಒಂದು ಗುಟುಕು ಕುಡಿದೆ, ಅಲ್ಲಿಗೇ ನಿಂತೆ. ಆ ಹುಳಿ ನನಗೆ ಗೊತ್ತಿತ್ತು. ನಾಲಗೆಯ ತುದಿಗೆ ಸಿಹಿಯಾಗಿ ಬಂದು ಹಿಂದಕ್ಕೆ ಹೋದಮೇಲೆ ಹುಳಿಯಾಗುವ ಮಜ್ಜಿಗೆ ಒಂದೇ ಒಂದು ಮನೆಯದು.

“ಹೆಪ್ಪ ಎಲ್ಲಿಂದು?” ಎಂದು ಕೇಳಿದೆ.

“ನಿಮ್ದೇ ಅಲ್ಲೇನ್ರಿ,” ಎಂದಳು ಆಯಿ. “ನೀವು ಊರ ಬಿಟ್ಟ ಹೋಗುಮುಂದ ಬಾಡಿಗಿ ಮನೀ ಕಾಕೂ ಕಡೆ ಗಡಗಿ ಬಿಟ್ಟ ಹೋಗಿದ್ರಿ. ಬ್ಯಾರೆ ಹೆಪ್ಪಿಗೆ ಈ ಪುಡಿ ಹಾಲ ಲೋಳಿ ಲೋಳಿ ಆಗತಿತ್ತು. ನಿಮ್ದಕ್ಕ ಗಟ್ಟಿ ಆತು. ಕಾಕೂ ಎಮ್ಮಿ ಮಾರ್ಯಾಳ, ಈಗ ಅದು ನಮ್ಮ ಸಾಲ್ಯಾಗ ಒಂದೇ ಉಳದೈತಿ.”

ಆ ಗಡಿಗೆಯನ್ನು ನನಗೆ ಕೊಟ್ಟವಳು ಅವ್ವ. ತಿಕೋಟಾಕ್ಕೆ ಕೆಲಸಕ್ಕೆ ಹೊರಟಾಗ ಬಬಲೇಶ್ವರದಿಂದ ಬಟ್ಟೆ ಕಟ್ಟಿ ಕಳಿಸಿದ್ದಳು. ಅವ್ವ ಇದ್ದಾಳಲ್ಲ, ಬೇಕಾದಾಗ ತಂದರಾಯಿತು ಎಂದು ನಾನು ಅದನ್ನು ತಿಕೋಟಾದಲ್ಲೇ ಬಿಟ್ಟು ಮರೆತೆ. ಆಮೇಲೆ ಅವ್ವ ತೀರಿಕೊಂಡಳು. ಅಣ್ಣಂದಿರು ಬೇರೆಯಾದರು, ಎಮ್ಮೆಗಳು ಹೋದವು, ಆ ಮನೆಯಲ್ಲಿ ಹೆಪ್ಪು ಹಾಕುವವರು ಉಳಿಯಲಿಲ್ಲ. ವಿಜಾಪುರದಲ್ಲಿ ನಾನು ಗೌಳಿಯ ಹಾಲಿಗೆ ಯಾರಯಾರದೋ ಮನೆಯ ಹೆಪ್ಪು ಹಾಕಿ ನೋಡಿದೆ, ಯಾವುದೂ ಅವ್ವನ ಮೊಸರಾಗಲಿಲ್ಲ. ಅದು ಜಗತ್ತಿನಿಂದಲೇ ಹೋಯಿತು ಎಂದುಕೊಂಡಿದ್ದೆ. ಅದು ಹೋಗಿರಲಿಲ್ಲ, ಈಕೆಯ ಗಡಿಗೆಯಲ್ಲಿ ಕುಳಿತು ಈಕೆಗೆ ಹೆಸರು ತಂದುಕೊಡುತ್ತಿತ್ತು. ನನ್ನ ಶಾಲೆ, ನನ್ನ ಹುಡುಗಿಯರು, ಕೊನೆಗೆ ನನ್ನ ಅವ್ವನೂ ಆಕೆಯ ಕಡೆಯೇ. ಗಡಿಗೆಯನ್ನು ಬಗಲಲ್ಲಿ ಇಟ್ಟುಕೊಂಡು ಓಡಿಬಿಡಬೇಕು ಅನ್ನಿಸಿತು.

ಹೊಸ ಅಕ್ಕೋರು ಬಸ್‌ ನಿಲ್ಲುವ ತನಕ ಬಂದಳು. “ಚೀಲ ನಿಂತರ ಈ ಹುಡಿಗ್ಯಾರನ್ನ ನಾಳೆನೇ ಕಳೇವು ತಗ್ಯಾಕ ಹೊಲಕ್ಕ ಕಳಸ್ತಾರರಿ,” ಎಂದಷ್ಟೇ ಹೇಳಿದಳು. ನಾನು ಬಸ್ಸು ಹತ್ತಿದೆ.

ಆಫೀಸಿನಲ್ಲಿ ಕಂಡದ್ದನ್ನು ಹೇಳಿದಾಗ ಸಾಹೇಬರು ಹುಬ್ಬು ಗಂಟು ಹಾಕಿದರು. “ಹಾಲ ಅಂತ ಐತಿ ನಿಯಮದಾಗ. ಮಜ್ಜಗಿ ಅಂದ್ರ ಮ್ಯಾಲಿನವರಿಗೆ ಏನ ಹೇಳೂದು? ನಿಲ್ಲಿಸಿಬಿಡೋಣು?” ಎಂದರು. ನಿಲ್ಲಿಸಿ ಎಂಬ ಒಂದು ಮಾತು ಸಾಕಿತ್ತು. ಆದರೆ ಚೀಲ ನಿಂತರೆ ಗಡಿಗೆ ಒಣಗುತ್ತಿತ್ತು, ಅವ್ವ ಎರಡನೆಯ ಸಲ ಸಾಯುತ್ತಿದ್ದಳು. ಹೊಸ ಅಕ್ಕೋರ ಮೇಲಿನ ಮೆಚ್ಚುಗೆಯಿಂದ ಅಲ್ಲ, ಅವ್ವನ ಸಲುವಾಗಿ ನಾನು ವಕೀಲರ ಹಾಗೆ ವಾದಿಸಿದೆ. ಶಾಲೆಯಲ್ಲೇ ಮಾಡುತ್ತಾರೆ, ಕಣ್ಣೆದುರೇ ಕುಡಿಸುತ್ತಾರೆ, ನಿಯಮದ ಜೀವ ಇರುವುದು ಅದರಲ್ಲೇ ಎಂದೆ. “ಹೆಪ್ಪು ನಂದರಿ ಸಾಹೇಬ್ರ,” ಎಂದೂ ಸೇರಿಸಿದೆ.

“ಹೆಪ್ಪ ಯಾರದರ ಇರಲಿ ಬಿಡ್ರಿ, ಆ ಹೊಸಾ ಅಕ್ಕೋರು ಬಾಳ ಶ್ಯಾಣ್ಯಾ ಅದಾರ,” ಎಂದರು ಸಾಹೇಬರು. ತಾವೇ ತಿಕೋಟಾಕ್ಕೆ ಹೋಗಿ, ಕುಡಿದು, ಇನ್ನೊಂದು ವಾಟಗ ಕೇಳಿ ಕುಡಿದು ಬಂದರು. ಉಳಿದ ಶಾಲೆಗಳಲ್ಲೂ ಹೀಗೇ ಮಾಡಬಹುದು, ಹೆಪ್ಪನ್ನು ತಿಕೋಟಾದಿಂದ ಒಯ್ಯಬೇಕು ಎಂದು ಅಪ್ಪಣೆಯಾಯಿತು. ನನ್ನ ಕೈಯಲ್ಲಿ ಉಳಿದದ್ದು ಒಂದು ಷರತ್ತು ಬಿಗಿ ಮಾಡುವ ಅಧಿಕಾರ. ಮಜ್ಜಿಗೆಯಾಗಲಿ ಮೊಸರಾಗಲಿ ಹೆಪ್ಪಾಗಲಿ ಯಾರ ಮನೆಗೂ ಹೋಗಕೂಡದು, ಶಾಲೆಯಿಂದ ಶಾಲೆಗೆ ಮಾತ್ರ ಎಂದು ಪ್ರತಿ ಆಯಿಗೂ ನಾನೇ ಕಟ್ಟುನಿಟ್ಟಾಗಿ ಹೇಳಿ ಬಂದೆ. ಹೊಸ ಅಕ್ಕೋರು ಊರಿಗೆಲ್ಲ ಹೆಪ್ಪು ಹಂಚಿ ಇನ್ನಷ್ಟು ಒಳ್ಳೆಯವಳಾಗುವುದು ನನಗೆ ಬೇಕಿರಲಿಲ್ಲ.

ಮಳೆಗಾಲ ಮುಗಿದ ಮೇಲೆ ಬಬಲೇಶ್ವರದ ಶಾಲೆ ನೋಡುವ ಪಾಳಿ ಬಂತು. ಹೊರಡುವಾಗ ಕೈಚೀಲದಲ್ಲಿ ಒಂದು ಮುಚ್ಚಳದ ಡಬ್ಬಿ ಇಟ್ಟುಕೊಂಡೆ. ತಿಕೋಟಾದಲ್ಲಿ ಆಕೆಯನ್ನು ಕೇಳಲು ನನ್ನ ನಾಲಗೆ ಏಳುತ್ತಿರಲಿಲ್ಲ. ಇಲ್ಲಿ ನಾನು ಊರ ಮಗಳು, ಶಾಲೆಯ ಹಿಂದಿನ ಓಣಿಯಲ್ಲೇ ನಮ್ಮ ಮನೆ. ಎಲ್ಲ ನೋಡಿ ಮುಗಿಸಿ, ಅಲ್ಲಿಯ ಆಯಿಯ ಮುಂದೆ ಡಬ್ಬಿ ತೆಗೆದೆ. ನಮ್ಮ ಅವ್ವನ ಜೊತೆ ಹೊಲಕ್ಕೆ ಹೋಗುತ್ತಿದ್ದ ಹೆಂಗಸು ಆಕೆ.

“ಒಂದ ಚಮಚೆ ಹೆಪ್ಪ ಹಾಕು. ಇದು ನಮ್ಮವ್ವನ ಹೆಪ್ಪು,” ಎಂದೆ.

“ನಿಮ್ಮವ್ವಂದ ಹ್ಯಾಂಗ ಆಗತೈತ್ರಿ? ಇದು ತಿಕೋಟಾ ಅಕ್ಕೋರ ಹೆಪ್ಪು,” ಎಂದಳು ಆಯಿ. ಡಬ್ಬಿಯನ್ನು ಮುಚ್ಚಿ ಮೆಲ್ಲಗೆ ನನ್ನ ಕಡೆ ಸರಿಸಿದಳು. “ಸಿಟ್ಟ ಆಗಬ್ಯಾಡ್ರಿ ಬಾಯಾರ. ಸಾಲ್ಯಾಗಿಂದು ಯಾರ ಮನಿಗೂ ಕೊಡಾಂಗಿಲ್ಲ ಅಂತ ನೀವೇ ಹೇಳಿ ಹೋಗೀರಿ. ಬೇಕಂದ್ರ ಇಲ್ಲೇ ಕುಂತು ಕುಡೀರಿ.”

ಆಕೆ ಹೇಳಿದ್ದು ಸರಿಯಾಗಿತ್ತು. ನನ್ನ ಕೆಲಸ ಇಷ್ಟು ಚೆನ್ನಾಗಿ ಯಾವ ಊರಿನಲ್ಲೂ ನಡೆದಿರಲಿಲ್ಲ. ಸಾಲಿನ ಕೊನೆಗೆ ಕುಳಿತಿದ್ದ ಹುಡುಗಿ ಸರಿದು ಜಾಗ ಕೊಟ್ಟಳು, ತನ್ನ ವಾಟಗವನ್ನೂ ತೊಳೆದು ತಂದುಕೊಟ್ಟಳು. ಅವ್ವನ ಮನೆಯ ಬೆನ್ನಿಗೆ ಕುಳಿತು, ಅವ್ವನ ಮಜ್ಜಿಗೆಯನ್ನು ಇನ್ನೊಬ್ಬಳ ಹೆಸರಿನಲ್ಲಿ ಕುಡಿದೆ. ಆಯಿ ಗಡಿಗೆ ಹಿಡಿದು ಮತ್ತೆ ಬಂದಾಗ ಬೇಡ ಎನ್ನಲಿಲ್ಲ.