ಮುಯ್ಯಿ ತೀರಿಸಿದ ಲಿಂಕುಗಳು

ನನ್ನ ತಂಗಿ ಮನೆ ಬಿಟ್ಟು ಹೋಗಿ ಎರಡು ವರ್ಷವಾದ ಮೇಲೆ ಅವ್ವನ ಹೆಸರಿಗೆ ಒಂದು ಇನ್‌ಲ್ಯಾಂಡ್ ಲೆಟರ್ ಬಂತು. ಕಳಿಸಿದವರ ವಿಳಾಸದ ಜಾಗ ಖಾಲಿ, ಅಂಚೆ ಮುದ್ರೆ ಮಸಿಯಾಗಿ ಓದಲಿಕ್ಕೇ ಆಗುತ್ತಿರಲಿಲ್ಲ. ಯಾವುದೋ ಆಫೀಸಿನಲ್ಲಿ ಕೆಲಸ ಸಿಕ್ಕಿದೆ, ದಿನವೆಲ್ಲ ಇಂಟರ್‌ನೆಟ್ ಮುಂದೆಯೇ ಕೂತಿರುತ್ತೇನೆ ಎಂದು ಬರೆದಿದ್ದಳು. ಕೊನೆಯ ಸಾಲು ನನಗಿನ್ನೂ ಬಾಯಿಪಾಠವಿದೆ: 'ನಿಮ್ಮೆಲ್ಲರ ನೆನಪಾದಾಗ ಮಧುರೆ ಅಂತ ನಮ್ಮೂರ ಹೆಸರು ಟೈಪ್ ಮಾಡಿ ಹುಡುಕ್ತೀನಿ ಅವ್ವ. ನಮ್ಮೂರಿಂದು ಏನೂ ಬರಲ್ಲ.'

ಅವ್ವ ಆ ಕಾಗದವನ್ನು ನನ್ನಿಂದ ಎಷ್ಟು ಸಲ ಓದಿಸಿದಳೋ ಲೆಕ್ಕವಿಲ್ಲ. ಅಷ್ಟರಲ್ಲಾಗಲೇ ಅವಳ ಹೊಟ್ಟೆಯಲ್ಲಿ ಗಡ್ಡೆ ಬೆಳೆದಿತ್ತು. ಬೆಂಗಳೂರಿನ ಡಾಕ್ಟರು ನನ್ನೊಬ್ಬನನ್ನೇ ಪಕ್ಕಕ್ಕೆ ಕರೆದು, ವರ್ಷ ದಾಟುವುದು ಕಷ್ಟ ಎಂದಿದ್ದರು. ಅವ್ವನಿಗೆ ಬೇಕಾಗಿದ್ದದ್ದು ಒಂದೇ, ಸಾಯುವುದರೊಳಗೆ ಮಗಳ ಮುಖ ನೋಡುವುದು.

ಮಗಳನ್ನು ಓಡಿಸಿದವನು ಅಪ್ಪ. ದೊಡ್ಡಬಳ್ಳಾಪುರದ ಮಗ್ಗದವರ ಹುಡುಗನನ್ನು ಮದುವೆಯಾಗುತ್ತೇನೆ ಎಂದ ದಿನ ಅವಳನ್ನು ಹೊಸ್ತಿಲಾಚೆ ನಿಲ್ಲಿಸಿ, ಬೀದಿಗೆಲ್ಲ ಕೇಳುವ ಹಾಗೆ, "ಬಜಾರಲ್ಲಿ ನಿಲ್ಲೋ ಹೆಂಗಸ್ರ ಸಾಲಿಗೆ ಸೇರ್ಕೊಂಡೆ ನೀನು" ಎಂದಿದ್ದ. ಆಗ ನನಗೆ ಅಪ್ಪನ ಬಾಯಿಗೆ ಮಣ್ಣು ತುರುಕುವಷ್ಟು ಸಿಟ್ಟು ಬಂದಿತ್ತು. ಬಂದು ಏನು ಮಾಡಿದೆ? ಕಂಬಕ್ಕೆ ಒರಗಿಕೊಂಡು ಸುಮ್ಮನೆ ನೋಡುತ್ತಾ ನಿಂತಿದ್ದೆ.

ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಆ ಹುಡುಗನ ಮನೆಯವರನ್ನು ಕೇಳಿದರೆ ಅವರಿಗೂ ಇಬ್ಬರ ವಿಳಾಸ ಗೊತ್ತಿರಲಿಲ್ಲ. ನಾನು ನೆಲಮಂಗಲದ ಒಂದು ಗೋಡೌನಿನಲ್ಲಿ ಲಾರಿ ಲೋಡಿನ ಚೀಟಿ ಬರೆಯುತ್ತಿದ್ದೆ. ಬಸ್ ಸ್ಟ್ಯಾಂಡ್ ಎದುರಿನ ಎಸ್‌ಟಿಡಿ ಬೂತಿನವನು ಹೊಸದಾಗಿ ಕಂಪ್ಯೂಟರ್ ತಂದು ಇಂಟರ್‌ನೆಟ್ ಹಾಕಿಸಿದ್ದ. ಅವನನ್ನೇ ಹಿಡಿದು ಒಂದು ವೆಬ್ ಪೇಜ್ ಮಾಡಿಸಿದೆ. ಮೇಲೆ ಊರಿನ ಹೆಸರು, ಅದರ ಕೆಳಗೆ ಅವ್ವನ ಫೋಟೋ, ಅದರ ಕೆಳಗೆ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ: ಅವ್ವನಿಗೆ ಹುಷಾರಿಲ್ಲ, ಅಪ್ಪನೇ ಕರೀತಿದ್ದಾನೆ, ಬಂದುಬಿಡು. ಅವ್ವನ ಸ್ಥಿತಿ ನೋಡಿ ಮೆತ್ತಗಾದ ಅಪ್ಪನೇ ಹಾಗೆ ಬರೆಸು ಎಂದಿದ್ದ.

ಒಂದು ತಿಂಗಳು ದಿನವೂ ಊರಿನ ಹೆಸರು ಹೊಡೆದು ಹುಡುಕಿದೆ. ನಮ್ಮ ಪೇಜ್ ಬರಲೇ ಇಲ್ಲ.

"ಸುಮ್ನೆ ಮಾಡಿಟ್ರೆ ಯಾರಿಗ್ ಕಾಣ್ತದೆ ಗುರು" ಎಂದ ಬೂತಿನವನು. "ಬೇರೆಯೋರ ಪೇಜಲ್ಲಿ ನಿಂದಕ್ಕೆ ಲಿಂಕ್ ಇರ್ಬೇಕು. ಸರ್ಚ್ ಇಂಜಿನ್ನು ಆ ಲಿಂಕ್ ಹಿಡ್ಕೊಂಡೇ ನಿನ್ ಹತ್ರ ಬರೋದು. ಅದನ್ನ ಮಾಡ್ಕೊಡೋಕೇ ಜನ ಅವ್ರೆ."

ದುಡ್ಡು ಕಟ್ಟಿದೆ. ಮೂರು ವಾರಕ್ಕೆ ಈಮೇಲ್ ಬಂತು. ನಮ್ಮ ಲಿಂಕ್ ಹಾಕಿದ ಪೇಜುಗಳ ಉದ್ದನೆಯ ಪಟ್ಟಿ, ಸರ್ಚ್ ಇಂಜಿನ್ನುಗಳಿಗೆ ತಿಳಿಸಿದ್ದೇವೆಂಬ ಒಕ್ಕಣೆ, ಬೇಕಿದ್ದರೆ ನೀವೂ ಅವರ ಲಿಂಕಿನ ಚಿತ್ರಗಳನ್ನು ಹಾಕಿಕೊಳ್ಳಿ ಎಂದು ಒಂದಷ್ಟು ಕೋಡ್. ಬೂತಿನವನು ಅದರ ಗೊಡವೆ ಬೇಡ ಎಂದ. ನನಗೂ ಬೇಡವಾಗಿತ್ತು. ಆದರೆ ಮನೆಗೆ ಹೋಗಿ ಅಪ್ಪನ ಮುಂದೆ ಬಾಯಿಬಿಟ್ಟೆ.

ನಮ್ಮ ಕಡೆ ಮುಯ್ಯಾಳು ಅಂತ ಒಂದಿದೆ. ಇವತ್ತು ಪಕ್ಕದ ಮನೆಯಿಂದ ಇಬ್ಬರು ನಮ್ಮ ರಾಗಿ ಹೊಲದ ಕಳೆ ಕಿತ್ತರೆ, ನಾಳೆ ನಮ್ಮ ಮನೆಯಿಂದ ಇಬ್ಬರು ಅವರ ಹೊಲದಲ್ಲಿರಬೇಕು. ಜ್ವರವಿದ್ದರೂ ಹೋಗಬೇಕು. ಅಪ್ಪ ಅದರಲ್ಲಿ ಒಂದು ದಿನವೂ ತಪ್ಪಿದವನಲ್ಲ.

"ಗುರ್ತಿಲ್ಲ ಪರಿಚಯ ಇಲ್ಲ, ಅಷ್ಟು ಜನ ನಮ್ ಮಗಳನ್ನ ಹುಡುಕೋಕೆ ಜಾಗ ಕೊಟ್ಟವ್ರೆ" ಎಂದ ಅಪ್ಪ. "ಮುಯ್ಯಿ ತೀರಿಸ್ದೆ ಇರೋ ಮನೆ ಏನೋ ನಮ್ದು? ಒಬ್ರನ್ನೂ ಬಿಡ್ಬೇಡ. ಎಲ್ಲಾರ್ದೂ ಹಾಕು."

"ಅದು ಹೊಲ ಅಲ್ಲ ಕಣಪ್ಪಾ."

"ಏನಾದ್ರೂ ಆಗ್ಲಿ, ಹಾಕು."

ಮಾರನೆಯ ದಿನ ಹಾಕಲು ಕೂತೆ. ಆ ಕಂಪ್ಯೂಟರಿನಲ್ಲಿ ಒಂದು ಪೇಜ್ ತೆರೆಯುವಷ್ಟರಲ್ಲಿ ಒಂದು ಟೀ ಕುಡಿದು ಬರಬಹುದಿತ್ತು. ಬೇಗ ಆಗಲಿ ಅಂತ ಬೂತಿನವನು ಚಿತ್ರಗಳೇ ಬಾರದ ಹಾಗೆ ಮಾಡಿಟ್ಟಿದ್ದ. ಚಿತ್ರವಿದ್ದ ಕಡೆ ಖಾಲಿ ಚೌಕ ಕಾಣುತ್ತಿತ್ತು. ಪಟ್ಟಿಯಲ್ಲಿ ಮೊದಲ ಐದು ತೆರೆದು ನೋಡಿದೆ. ಜಾತಕದ್ದೊಂದು, ಸೀರೆ ಅಂಗಡಿಯದೊಂದು, ಇನ್ನು ಮೂರು ಇಂಥವೇ. ಕೊನೆಯ ಬಸ್ಸಿಗೆ ಹೊತ್ತಾಗುತ್ತಿತ್ತು. ಉಳಿದವನ್ನು ತೆರೆಯದೆ ಎಲ್ಲದರ ಕೋಡನ್ನೂ ಅವ್ವನ ಫೋಟೋ ಕೆಳಗೆ ಅಂಟಿಸಿ ಎದ್ದುಬಿಟ್ಟೆ. ಸಾಲಾಗಿ ಖಾಲಿ ಚೌಕಗಳು ಬಂದವು. ಚೆನ್ನಾಗಿಯೇ ಕಂಡಿತು.

ಹದಿನೈದು ದಿನಕ್ಕೆ ಊರಿನ ಹೆಸರು ಹೊಡೆದರೆ ನಮ್ಮ ಪೇಜೇ ಮೊದಲು ಬರತೊಡಗಿತು. ಅಪ್ಪ ಒಗೆದ ಪಂಚೆ ಉಟ್ಟು ನೆಲಮಂಗಲಕ್ಕೆ ಬಂದು ನೋಡಿದ. ಅವ್ವನ ಫೋಟೋ ಇದ್ದ ಜಾಗದಲ್ಲಿ ಅವನಿಗೂ ಚೌಕವೇ ಕಂಡಿದ್ದು. ಅದನ್ನು ಬೆರಳಲ್ಲಿ ಮುಟ್ಟಿ, "ಬರ್ತಾಳೆ ಬಿಡು" ಎಂದ. ಅಷ್ಟು ದಿನದಿಂದ ಅಪ್ಪನ ಮೇಲಿದ್ದ ಸಿಟ್ಟು ಆಗ ಇಳಿದುಹೋಯಿತು.

ಯುಗಾದಿ ಕಳೆಯಿತು. ಬಾಗಿಲಲ್ಲಿ ಯಾರದೇ ಸದ್ದಾದರೂ ಅವ್ವ ಕತ್ತೆತ್ತುತ್ತಿದ್ದಳು. ಆಮೇಲೆ ಕತ್ತೆತ್ತಲೂ ಆಗಲಿಲ್ಲ. ಶ್ರಾವಣದಲ್ಲಿ ಹೋದಳು.

ತಂಗಿ ಬಂದದ್ದು ಅದಾದ ಆರು ತಿಂಗಳಿಗೆ. ನಮ್ಮೂರಿನ ಯಾರೋ ಬಸ್ಸಿನಲ್ಲಿ ಸಿಕ್ಕಿ ಅವ್ವ ಹೋದ ಸುದ್ದಿ ಹೇಳಿದ್ದರಂತೆ. ಒಳಗೆ ಬಾರದೆ ಜಗಲಿಯ ಮೇಲೆ ಕೂತಳು. ಅಪ್ಪ ಒಳಗಿದ್ದ. ನನಗೆ ತಡೆಯಲಾಗಲಿಲ್ಲ.

"ಇಂಟರ್‌ನೆಟ್ಟಲ್ಲಿ ಹಾಕಿದ್ವಲ್ಲ, ನೋಡ್ಲಿಲ್ವಾ?"

"ನೋಡ್ದೆ ಅಣ್ಣ. ಯುಗಾದಿಗೆ ಮುಂಚೇನೇ ನೋಡ್ದೆ." ಅವಳ ದನಿ ತಣ್ಣಗಿತ್ತು. "ಮೇಲೆ ಅವ್ವನ ಫೋಟೋ. ಅದರ ಕೆಳಗೆಲ್ಲ ಬಟ್ಟೆ ಇಲ್ದಿರೋ ಹೆಂಗಸ್ರು, ಸಾಲಾಗಿ. ಅಪ್ಪ ಅವತ್ತು ಅಂದಿದ್ದನ್ನೇ ತಿರುಗಾ ಅಂತಾವ್ನೆ ಅಂದ್ಕೊಂಡೆ. ಅದರ ಕೆಳಗೆ ಏನು ಬರೆದಿತ್ತೋ, ಓದ್ಲಿಲ್ಲ. ಮುಚ್ಚಿಬಿಟ್ಟೆ."

ಅಪ್ಪ ಯಾವಾಗ ಬಾಗಿಲಿಗೆ ಬಂದು ನಿಂತಿದ್ದನೋ.

"ನಾನೇ ಹಾಕ್ಸಿದ್ದು ಕಣವ್ವ" ಎಂದ. "ಇವನು ಬೇಡ ಅಂದ. ನಾನೇ ಹಟ ಹಿಡ್ದೆ. ಇವನದೇನೂ ತಪ್ಪಿಲ್ಲ."

ಐದು ನೋಡಿ ಉಳಿದವನ್ನು ನೋಡದೆ ಬಸ್ಸಿಗೆ ಓಡಿದವನು ನಾನು ಎಂದು ಆಗ ಹೇಳಬೇಕಿತ್ತು. ಯಾರ ಲಿಂಕು, ಯಾಕೆ ಹಾಕಿದ್ದು, ಆ ಚೌಕಗಳಲ್ಲಿ ಏನಿತ್ತೆಂದು ಅಪ್ಪನಿಗೆ ಗೊತ್ತೇ ಇರಲಿಲ್ಲ ಎಂದಾದರೂ ಬಿಡಿಸಿ ಹೇಳಬೇಕಿತ್ತು. ಕಂಬಕ್ಕೆ ಒರಗಿಕೊಂಡು ಸುಮ್ಮನೆ ನಿಂತಿದ್ದೆ. ತಂಗಿ ಅಪ್ಪನ ಮುಖವನ್ನು ಒಂದು ಗಳಿಗೆ ನೋಡಿದಳು, ಚಪ್ಪಲಿ ಮೆಟ್ಟಿಕೊಂಡಳು, ಅವ್ವನನ್ನು ಮಣ್ಣು ಮಾಡಿದ ಜಾಗ ಎಲ್ಲಿ ಎಂದು ನನ್ನನ್ನು ಕೇಳಿದಳು. ತೋರಿಸಿದೆ. ಅಲ್ಲಿಂದಲೇ ಬಸ್ಸು ಹತ್ತಿದಳು.

ಅಪ್ಪ ಆಮೇಲೆ ಏಳು ವರ್ಷ ಬದುಕಿದ. ಅವಳು ಮತ್ತೆ ಬರಲಿಲ್ಲ. ಐದನ್ನಷ್ಟೇ ತೆರೆದು ನೋಡಿದ್ದೆ ಎಂದು ಅವನಿಗೂ ನಾನು ಹೇಳಲಿಲ್ಲ.