ಕಾರ್ಕಳದ ಟೀಚರಿಗೆ ಹೇಳಿದ ಮಾತು

ಮೊನ್ನೆ ಕಾಪುವಿನ ನನ್ನ ಹೊಲಿಗೆ ಅಂಗಡಿಗೆ ಒಬ್ಬಳು ಹುಡುಗಿ ಬಂದಳು. ಹೆದ್ದಾರಿಯ ಆಚೆ ಹೊಸದಾಗಿ ತೆರೆದ ಮಕ್ಕಳ ಶಾಲೆಯ ಟೀಚರಂತೆ. ಚೀಲದಿಂದ ಸ್ಲೇಟಿಗಿಂತ ಸ್ವಲ್ಪ ದೊಡ್ಡದಾದ ಒಂದು ಮರದ ಚೌಕಟ್ಟು ತೆಗೆದಳು. ಹೊಸ ಪಾಲಿಶ್ ವಾಸನೆ ಗಮ್ಮೆಂದು ಮೂಗಿಗೆ ಹೊಡೆಯಿತು. "ಇದಕ್ಕೆ ಎರಡು ಕಡೆಯಿಂದ ಬಟ್ಟೆ ಹಾಕಿ, ನಡುವೆ ಬಟನ್ ಬರುವ ಹಾಗೆ ಮಾಡಬೇಕು ಅಂಕಲ್. ನಿಮಗೆ ಗೊತ್ತಾಗ್ತದಾ?" ಎಂದು ಸಂಶಯದಿಂದ ಕೇಳಿದಳು.

ಮೂಲೆಯಲ್ಲಿ ಕಾಜಾ ಹೊಲಿಯುತ್ತಿದ್ದ ನನ್ನ ತಂಗಿ ವನಜ ತಲೆ ಎತ್ತದೆ ನಕ್ಕಳು. "ಅವನಿಗೆ ಗೊತ್ತಾಗದಿದ್ದರೆ ಈ ಊರಲ್ಲಿ ಯಾರಿಗೂ ಗೊತ್ತಾಗುವುದಿಲ್ಲ ಮಗ. ಇಟ್ಟು ಹೋಗು."

ಆ ಚೌಕಟ್ಟು ನಿಮಗೆ ಗೊತ್ತಿರಲಿಕ್ಕಿಲ್ಲ. ಮಾಂಟೆಸ್ಸರಿ ಪದ್ಧತಿಯ ಶಾಲೆಗಳಲ್ಲಿ ಮಕ್ಕಳು ಅದರ ಮೇಲೆ ಗುಂಡಿ ಹಾಕಿ ತೆಗೆದು ಕಲಿಯುತ್ತಾರೆ. ಐದನೇ ಕ್ಲಾಸಿಗೆ ಶಾಲೆ ಬಿಟ್ಟ ನನ್ನಂಥವನಿಗೆ ಈ ವಿದ್ಯೆಯ ಪರಿಚಯವಾದದ್ದು ವನಜಳಿಂದ. ಎಪ್ಪತ್ತರ ದಶಕದ ಕೊನೆಯಲ್ಲಿ ಅವಳು ಎಸ್ಸೆಸ್ಸೆಲ್ಸಿ ಮುಗಿಸಿ, ಮಾಂಟೆಸ್ಸರಿ ಟೀಚರ್ ಆಗುತ್ತೇನೆಂದು ಹಟ ಹಿಡಿದಳು. ಹುಡುಗಿಯನ್ನು ಒಬ್ಬಳೇ ಕಳಿಸುವ ಕಾಲ ಅಲ್ಲ. ಅಮ್ಮ ನನ್ನನ್ನು ಜೊತೆ ಮಾಡಿದರು. ನಾನು ಇಸ್ತ್ರಿ ಹಾಕಿದ ಶರ್ಟು ತೊಟ್ಟು, ಮದುಮಗನ ಕಡೆಯವನ ಹಾಗೆ ಹೊರಟೆ.

ಮೊದಲು ನೋಡಿದ್ದು ಉಡುಪಿಯ ಟೀಚರ್ ತರಬೇತಿ ಕೇಂದ್ರ; ಅದರೊಳಗೇ ಮಕ್ಕಳ ಶಾಲೆ. ಓಣಿಯೊಂದರ ಮಾಳಿಗೆಯಲ್ಲಿ ಅಂಗೈಯಷ್ಟು ಮಕ್ಕಳು ತಂತಮ್ಮ ಚಾಪೆ ಬಿಡಿಸಿ ಕೂತಿದ್ದರು. ಒಬ್ಬ ಪೋರ ಹೂಜಿಯಿಂದ ಲೋಟಕ್ಕೆ ನೀರು ಹೊಯ್ದು, ಅರ್ಧ ಚೆಲ್ಲಿ, ತಾನೇ ಬಟ್ಟೆ ತಂದು ಒರೆಸಿದ. ಯಾರೂ ಗದರಲಿಲ್ಲ. "ನೀರು ಚೆಲ್ಲಲಿಕ್ಕೂ ಫೀಸು ಕೊಡಬೇಕಾ ಮಾರಾಯ್ತಿ?" ಎಂದು ನಾನು ಪಿಸುಗುಟ್ಟಿದೆ. ಹಾಗೆನ್ನುತ್ತಾ ಒಂದು ಚಾಪೆಯ ಮೇಲೆ ಕಾಲಿಟ್ಟುಬಿಟ್ಟೆ. ನನ್ನ ಮೊಣಕಾಲಿನೆತ್ತರದ ಹುಡುಗಿ ಬಂದು, "ಚಾಪೆ ತುಳಿಯಬಾರದು, ಸುತ್ತು ಹಾಕಿ ಹೋಗಬೇಕು" ಎಂದಳು. ಸುತ್ತು ಹಾಕಿದೆ. ವನಜ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕದ್ದು ಬಸ್ಸು ಹತ್ತುವವರೆಗೂ ನಿಲ್ಲಲಿಲ್ಲ. ಆದರೆ ಅಲ್ಲಿ ಆ ವರ್ಷದ ಸೇರ್ಪಡೆ ಮುಗಿದಿತ್ತು.

ಮಣಿಪಾಲದ ಗುಡ್ಡದ ಮೇಲಿನ ಕೇಂದ್ರದಲ್ಲಿ ಪಾಠವೆಲ್ಲ ಇಂಗ್ಲಿಷಿನಲ್ಲಿ. ಅಲ್ಲಿನ ಮೇಡಂ ಕೇಳಿದ್ದಕ್ಕೆಲ್ಲ ನಾನು "ಎಸ್" ಎಂದೆ. ಹೊರಗೆ ಬಂದ ಮೇಲೆ ವನಜ, "ಅಣ್ಣ, 'ನಿಮ್ಮ ತಂಗಿಗೆ ಇಂಗ್ಲಿಷ್ ಕಷ್ಟವಾ' ಅಂತ ಕೇಳಿದರು. ಅದಕ್ಕೂ ಎಸ್ ಅಂದೆಯಲ್ಲ!" ಎಂದಳು.

ಉಳಿದದ್ದು ಕಾರ್ಕಳ. ಶಿರ್ವ, ಬೆಳ್ಮಣ್ ದಾಟಿ ಹೋಗುವ ಬಸ್ಸಿನಲ್ಲಿ ಅವಳು ಅಂಕಪಟ್ಟಿಯನ್ನು ಬಿಡದೆ ಹಿಡಿದು ಕೂತಳು. ಹಳೆಯ ಹಂಚಿನ ಮನೆಯಲ್ಲಿ ಕೇಂದ್ರ; ನಡೆಸುತ್ತಿದ್ದವರು ನೂಲಿನ ಸೀರೆಯ, ದಪ್ಪ ಕನ್ನಡಕದ ಒಬ್ಬರು ಟೀಚರ್. ಅವರು ಅಂಕಪಟ್ಟಿ ನೋಡಲೇ ಇಲ್ಲ. ವನಜಳ ಮುಂದೆ ಗುಂಡಿಯ ಚೌಕಟ್ಟು ಇಟ್ಟು, ಪಕ್ಕದಲ್ಲಿ ಒಂದು ಮಗುವನ್ನು ಕೂರಿಸಿ, "ಗುಂಡಿ ಹಾಕುವುದು ಹೇಗೆಂದು ತೋರಿಸು. ಬಾಯಿ ತೆರೆಯಬಾರದು" ಎಂದರು.

ಗುಂಡಿ ತೂರಿಸುವ ಕಂಡಿಯ ಅಂಚಿಗೆ ದಾರ ಸುತ್ತಿ ಹೊಲಿಯುವುದಕ್ಕೆ ಟೈಲರುಗಳು ಕಾಜಾ ಎನ್ನುತ್ತೇವೆ. ನನ್ನ ಅಂಗಡಿಯಲ್ಲಿ ಆ ಕೆಲಸ ವನಜಳದ್ದು. ಅವಳ ಬೆರಳು ಓಡುವ ವೇಗ ಕಂಡವನು ನಾನು. ಆ ದಿನ ಅದೇ ಬೆರಳು ಎಷ್ಟು ನಿಧಾನವಾಗಿ ಒಂದು ಗುಂಡಿಯನ್ನು ಹಿಡಿದು, ಓರೆ ಮಾಡಿ, ಕಂಡಿಯೊಳಗೆ ನೂಕಿ, ಆಚೆಯಿಂದ ಎಳೆಯಿತೆಂದರೆ, ಮಗು ಉಸಿರು ಬಿಗಿಹಿಡಿದು ನೋಡಿತು. ಆಮೇಲೆ ತಾನೇ ಮಾಡಿತು. ಟೀಚರ್ ನನ್ನ ಕಡೆ ತಿರುಗಿ, "ಕೆಲವರಿಗೆ ಈ ನಿಧಾನ ಕಲಿಸಲಿಕ್ಕೇ ವರ್ಷ ಬೇಕು" ಎಂದರು. ಮುಂದಿನ ವಾರ ಬಂದು ವಿಚಾರಿಸಲು ಹೇಳಿದರು.

ಮುಂದಿನ ವಾರ ನಾನೊಬ್ಬನೇ ಹೋದೆ. ಗಲ್ಫಿಗೆ ಹೊರಟವರ ಶರ್ಟುಗಳು ರಾಶಿ ಬಿದ್ದಿದ್ದವು. ಇಬ್ಬರೂ ಹೋದರೆ ಕೆಲಸ ಮುಗಿಸುವವರು ಯಾರು ಎಂದು ನಾನೇ ಅವಳನ್ನು ತಡೆದಿದ್ದೆ. ಬಸ್ಸಿನಲ್ಲಿ ಕೂತಾಗಲೇ ನನ್ನೊಳಗೆ ಲೆಕ್ಕಾಚಾರ ಶುರುವಾಗಿತ್ತು. ಇವಳು ಕಾರ್ಕಳದಲ್ಲಿ ಉಳಿದರೆ ಕಾಜಾ ಯಾರು ಹೊಲಿಯುವುದು? ಅಷ್ಟೇ ಆಗಿದ್ದರೆ ಈಗ ಹೇಳಿಕೊಳ್ಳಲು ಇಷ್ಟು ನಾಚಿಕೆಯಾಗುತ್ತಿರಲಿಲ್ಲ. ಊರವರೆಲ್ಲ ಅವಳನ್ನು ಟೀಚರ್ ಎಂದು ಕರೆಯುವಾಗ ನಾನು ಅದೇ ಮೆಷಿನ್ ತುಳಿಯುತ್ತಿರುತ್ತೇನೆ ಎಂಬುದೂ ಮನಸ್ಸಿಗೆ ಚುಚ್ಚಿತ್ತು.

"ಸೋಮವಾರ ಕಳಿಸಿ. ಉಳಿದುಕೊಳ್ಳಲಿಕ್ಕೂ ಜಾಗ ಉಂಟು" ಎಂದರು ಟೀಚರ್.

"ಅವಳಿಗೆ ಮನಸ್ಸಿಲ್ಲ ಟೀಚರ್" ಎಂದೆ.

ಅವರು ಕನ್ನಡಕ ತೆಗೆದರು. "ಮನಸ್ಸಿಲ್ಲವಾ? ಆ ಹುಡುಗಿಗಾ?"

ನಾನು ನೆಲ ನೋಡಿದೆ. ಅವರು ಕನ್ನಡಕ ಮತ್ತೆ ಹಾಕಿಕೊಂಡು, ನೀವು ಟೈಲರ್ ಅಲ್ಲವೇ, ನಮ್ಮ ಚೌಕಟ್ಟುಗಳಿಗೆ ಬಟ್ಟೆ ಹೊಲಿದು ಕೊಡುತ್ತೀರಾ ಎಂದು ಕೇಳಿದರು. ನಾನು ಅದಕ್ಕೂ ಒಪ್ಪಿದೆ ನೋಡಿ! ಚೌಕಟ್ಟುಗಳ ಕಟ್ಟು ಹೊತ್ತುಕೊಂಡು ಸಂಜೆ ಮನೆಗೆ ಬಂದೆ.

ವನಜ ಬಾಗಿಲಲ್ಲೇ ನಿಂತಿದ್ದಳು. "ಎಂತ ಹೇಳಿದರು?"

"ಜಾಗ ತುಂಬಿತಂತೆ."

ಅವಳು ಅಳಲಿಲ್ಲ. ಕಟ್ಟು ಬಿಚ್ಚಿ ಚೌಕಟ್ಟನ್ನು ತೊಡೆಯ ಮೇಲಿಟ್ಟುಕೊಂಡಳು. ಅದರ ಅಂಚನ್ನು ಬೆರಳಿನಿಂದ ಸವರುತ್ತಾ, "ಮಕ್ಕಳ ಬೆರಳಲ್ವಾ ಅಣ್ಣ, ಕಾಜಾ ಸ್ವಲ್ಪ ಸಡಿಲ ಇಡುವ" ಎಂದಳು.

ಆ ಸಡಿಲ ಕಾಜಾ ಎಷ್ಟು ಹೆಸರು ಮಾಡಿತೆಂದರೆ, ಉಡುಪಿಯ ಮಾಳಿಗೆಯವರೂ ಮಣಿಪಾಲದ ಮೇಡಮ್ಮನವರೂ ನಮ್ಮಲ್ಲೇ ಹೊಲಿಸತೊಡಗಿದರು. ಎಂಬತ್ತರ ದಶಕವಿಡೀ ನಾನು ಕಟ್ಟು ಹೊತ್ತು ಆ ಮೂರೂ ಊರಿಗೆ ತಿರುಗಿದೆ. ಚಾಪೆಗೆ ಸುತ್ತು ಹಾಕಿ ನಡೆಯಲು ಕಲಿತೆ. ವನಜ ಹೊಲಿದ ಕಾಜಾದಲ್ಲಿ ಬೇರೆಯವರ ತಂಗಿಯಂದಿರು ಕೈ ಪಳಗಿಸಿ ಟೀಚರ್ ಆಗಿ ಹೋಗುವುದನ್ನು ವರ್ಷ ವರ್ಷ ಕಂಡೆ. ಕಾರ್ಕಳದ ಟೀಚರ್ ಪ್ರತಿ ಸಲವೂ, "ತಂಗಿ ಹೇಗಿದ್ದಾಳೆ?" ಎಂದು ಕೇಳುತ್ತಿದ್ದರು. ಉಚ್ಚಿಲಕ್ಕೆ ಮದುವೆಯಾಯಿತು ಎಂದೆ, ಮಗುವಾಯಿತು ಎಂದೆ. ಹೇಳಬೇಕಾದದ್ದನ್ನು ಹೇಳಲಿಲ್ಲ. ಒಂದು ಸಲ ಕಟ್ಟು ಹೊತ್ತು ಹೋದಾಗ ಬಾಗಿಲಿಗೆ ಬೀಗ. ಟೀಚರ್ ತೀರಿಕೊಂಡರೆಂದು ಪಕ್ಕದ ಮನೆಯವರು ಹೇಳಿದರು. ಆ ಸುದ್ದಿಯನ್ನೂ ನಾನು ಮನೆಯಲ್ಲಿ ಹೇಳಲಿಲ್ಲ.

ಮೊನ್ನೆ ಆ ಹುಡುಗಿ ಹೋದ ಮೇಲೆ ವನಜ ಚೌಕಟ್ಟನ್ನು ತಿರುಗಿಸಿ ನೋಡುತ್ತಾ ತಮಾಷೆಗೆಂದೇ ಅಂದಳು: "ಆ ವರ್ಷ ಒಂದು ಜಾಗ ಇದ್ದಿದ್ದರೆ ಇಂಥವರಿಗೆಲ್ಲ ನಾನೇ ಕಲಿಸ್ತಿದ್ದೆ, ಅಲ್ವಾ?"

"ಜಾಗ ಇತ್ತು ವನಜ" ಎಂದೆ. ಬಾಯಿ ನನ್ನನ್ನು ಕೇಳದೆಯೇ ತೆರೆದಿತ್ತು. ಉಳಿದದ್ದನ್ನೂ ಹೇಳಿದೆ.

ಅವಳು ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು. "ಜಾಗ ಇಲ್ಲ ಅಂತ ನನಗೆ ಹೇಳಿದ್ದು ಇರಲಿ. ನಿನ್ನ ಅಂಗಡಿ, ನಿನ್ನ ಕಷ್ಟ. ನನಗೆ ಮನಸ್ಸಿಲ್ಲ ಅಂತ ಅವರಿಗೆ ಹೇಳಿದ್ದು ಎಂತಕ್ಕೆ?"

ನಾನು ಅಳತೆಯ ಟೇಪನ್ನು ಬೆರಳಿಗೆ ಸುತ್ತತೊಡಗಿದೆ.

"ನಾಳೆ ಕಾರ್ಕಳಕ್ಕೆ ಹೋಗುವ. ಅವರಿದ್ದರೆ ನೀನೇ ಬಾಯಿಬಿಟ್ಟು ಹೇಳು."

"ಅವರಿಲ್ಲ. ತೀರಿಕೊಂಡು ಎಷ್ಟೋ ವರ್ಷ ಆಯಿತು."

ಅವಳು ರಸ್ತೆಯ ಕಡೆ ನೋಡಿದಳು. "ಹಾಗಾದರೆ ಅವರು ಹಾಗೆಯೇ ತಿಳಿದುಕೊಂಡು ಹೋದರು" ಎಂದಳು. ಅವಳು ದಿನಾ ಉಚ್ಚಿಲಕ್ಕೆ ಹೋಗುವ ಸಂಜೆಯ ಬಸ್ಸಿಗೆ ಇನ್ನೂ ಹೊತ್ತಿತ್ತು. ಆದರೂ ಎದ್ದು ಹೋದಳು.

ಹೇಳಬೇಕಾದವರು ಇಲ್ಲದಿರುವುದರಿಂದ ನಿಮಗೆ ಹೇಳುತ್ತಿದ್ದೇನೆ. ನಿಮ್ಮಲ್ಲಿ ಯಾರಾದರೂ ಆ ಹಂಚಿನ ಮನೆಯಲ್ಲಿ ಕಲಿತವರಿರಬಹುದು, ಕಲಿಯಲು ಬಂದು ತಿರುಗಿ ಬಾರದ ಕಾಪುವಿನ ಹುಡುಗಿಯ ಮಾತು ಆ ಟೀಚರ ಬಾಯಿಯಿಂದ ಕೇಳಿರಬಹುದು. ಆ ಮಾತು ಸುಳ್ಳು. ನನ್ನ ತಂಗಿಗೆ ಮನಸ್ಸಿತ್ತು.