ಇಟಲಿಯ ದಾನಪ್ಪ

ಕಾಶವ್ವ ಚೆಂಬೂರಿನ ತನ್ನ ಕಿಟಕಿಯಿಂದ ತರಕಾರಿಯವನನ್ನು ಕೂಗಿದರೆ, ಪಕ್ಕದ ಕಾಲನಿಯಲ್ಲಿರುವವನೂ ಗಾಡಿ ತಿರುಗಿಸಿಕೊಂಡು ಬರುತ್ತಾನೆ. ಅಂಥ ಗಂಟಲನ್ನು ಡಬ್ಬಿಂಗಿಗೆ ಎಳೆದು ತಂದವಳು ನಾನು, ಸಯನ್‌ನ ಮೋಹಿನಿ. ಅವಳು ಬೆಳಗಾವಿ ಕಡೆಯವಳು, ನಾನು ಉಡುಪಿಯವಳು. ಅಂಧೇರಿಯ ಸ್ಟುಡಿಯೊದಲ್ಲಿ ನಮಗೆ ಕ್ರೌಡ್ ಎನ್ನುತ್ತಾರೆ. ಹೀರೊಗೆ ದನಿ ಕೊಡುವವರು ಬೇರೆ, ಅವನ ಹಿಂದೆ ಸಂತೆಯಲ್ಲಿ, ಸ್ಟೇಷನ್ನಿನಲ್ಲಿ ಗಿಜಿಗುಡುವ ಜನರೆಲ್ಲ ನಾವು.

ಈ ಕೆಲಸದಲ್ಲೊಂದು ಸುಖವಿದೆ. ತೆರೆಯ ಮೇಲೆ ತುಟಿ ಕಾಣದಿದ್ದರೆ ಬಾಯಿಗೆ ಬಂದದ್ದನ್ನು ಹೇಳಬಹುದು. ಕಳೆದ ವರ್ಷ ಎರಡನೇ ಮಹಾಯುದ್ಧದ ಸೀರಿಯಲ್ ಒಂದು ಕನ್ನಡಕ್ಕೆ ಬಂತು. ಇಟಲಿಯ ಗುಡ್ಡ, ಕೆಸರು, ಫಿರಂಗಿ. ಅದರ ಸಂತೆಯ ದೃಶ್ಯದಲ್ಲಿ ಕಾಶವ್ವ ಮೆಂತ್ಯೆ ಪಲ್ಯೆಗೆ ಚೌಕಾಸಿ ಮಾಡಿದ್ದಳು. ಡಬ್ಬಿಂಗ್ ಮಾಡಿಸುವ ಧನರಾಜ್ ಗಾಜಿನಾಚೆ ಬಿದ್ದು ಬಿದ್ದು ನಕ್ಕಿದ್ದ. ಅವನೂ ನಮ್ಮ ಕರಾವಳಿಯ ಹುಡುಗನೇ.

ಆದರೆ ಕಂತು ಕಳೆದಂತೆಲ್ಲ ಕಾಶವ್ವನ ಮುಖ ಬಿಗಿಯಾಗುತ್ತ ಹೋಯಿತು. ಪ್ರತಿ ಸಲವೂ ತೆರೆಯ ಹತ್ತಿರ ಹೋಗಿ ಏನನ್ನೋ ಹುಡುಕುತ್ತಿದ್ದಳು. ಕೇಳಿದರೆ, ನಮ್ಮವರು ಯಾರಾದರೂ ಕಾಣುತ್ತಾರೇನೋ ಎಂದು ನೋಡುತ್ತಿದ್ದೇನೆ ಎಂದಳು. ಅವಳ ಅಜ್ಜ ದಾನಪ್ಪ ಪಲ್ಟನ್ನಿಗೆ ಸೇರಿ ಇಟಲಿಗೆ ಹೋದವನು ಅಲ್ಲೇ ಸತ್ತನಂತೆ. ಕಾಶವ್ವನ ತಂದೆ ಆಗಿನ್ನೂ ತೊಟ್ಟಿಲ ಕೂಸು. ಅಜ್ಜಿ ಗುರುಬಾಯಿ ಬಳೆ ಒಡೆಯಲು ಬಂದ ಹೆಂಗಸರನ್ನು ಬಾಗಿಲಲ್ಲೇ ತಡೆದು ಕಳಿಸಿದಳಂತೆ. ಹೆಣ ನೋಡಿಲ್ಲ, ಮಣ್ಣು ಹಾಕಿಲ್ಲ, ಹಾಗಾಗಿ ಅಳುವುದೂ ಇಲ್ಲ ಎಂದವಳು, ಸಾಯುವವರೆಗೂ ಹಸಿರು ಬಳೆ ತೊಟ್ಟೇ ಇದ್ದಳು. ಅವರ ಕಡೆ ಸತ್ತವರ ಹೆಸರು ಹಿಡಿದು, ಗುಣ ಹೇಳಿ, ಹಾಡಿಕೊಂಡು ಅಳುತ್ತಾರೆ. ದಾನಪ್ಪನಿಗಾಗಿ ಆ ಮನೆಯಲ್ಲಿ ಯಾರೂ ಹಾಗೆ ಅತ್ತಿರಲಿಲ್ಲ.

ಸೀರಿಯಲ್ಲಿನಲ್ಲಿ ನಮ್ಮವರ ನೆರಳೂ ಇರಲಿಲ್ಲ. ಸಾಯುವವರೂ ಬಿಳಿಯರು, ಅಳುವವರೂ ಬಿಳಿಯರು. ನನಗೇ ಸಿಟ್ಟು ಬಂದಿತ್ತು, ಇನ್ನು ಅವಳಿಗೆ ಕೇಳಬೇಕೆ?

ಕೊನೆಯ ಕಂತಿನಲ್ಲಿ ಹಳ್ಳಿಯ ಹೆಂಗಸರು ಸಿಪಾಯಿಗಳನ್ನು ಹೂಳುತ್ತಾರೆ. ಕರಿ ವಸ್ತ್ರ ಹೊದ್ದ ಬೆನ್ನುಗಳಷ್ಟೇ ಕಾಣುತ್ತವೆ. ನಾವು ನಾಲ್ವರು ಮೈಕಿನ ಸುತ್ತ ನಿಂತು ಗೊಳೋ ಎಂದೆವು. ನಡುವೆ ಕಾಶವ್ವನ ದನಿ ಎದ್ದಿತು, "ಯಪ್ಪಾ ದಾನಪ್ಪಾ" ಎಂದು.

ಧನರಾಜ್ ರೆಕಾರ್ಡಿಂಗ್ ನಿಲ್ಲಿಸಿ ಒಳಗೆ ಬಂದ. "ಇಟಲಿಗೆ ದಾನಪ್ಪ ಎಲ್ಲಿಂದ ಬಂದ ಮಾರಾಯ್ರೆ?"

"ಬೆಳಗಾವಿಂದ ಹೋಗಿದ್ದ. ಅಲ್ಲೇ ಮಣ್ಣಾಗ್ಯಾನ."

ಅವನು ಪೆಚ್ಚಾದ. ಆದರೂ, ಚಾನೆಲ್‌ನವರು ಒಪ್ಪುವುದಿಲ್ಲ, ಹೆಸರು ಬಿಟ್ಟು ಅಳಿ, ಇಲ್ಲವಾದರೆ ಹೊರಗೆ ಕೂತುಕೊಳ್ಳಿ ಎಂದ. ಕಾಶವ್ವ ಜಾಗ ಬಿಟ್ಟು ಕದಲಲಿಲ್ಲ.

"ನಾ ಮೆಂತ್ಯೆ ಪಲ್ಯೆ ಅಂದಾಗ ನಡೀತು. ನಮ್ಮಜ್ಜನ ಹೆಸರು ಯಾಕ ನಡಿಯಂಗಿಲ್ಲ?"

ಧನರಾಜ್ ಬಾಗಿಲ ಕಡೆ ತಿರುಗಿದ. ಮುಂದಿನ ಕೆಲಸಕ್ಕೆ ನಿಮ್ಮನ್ನು ಕರೆಯುವುದು ಕಷ್ಟವಾದೀತು ಎಂದು ಗೊಣಗಿದ. ಕರೀಬ್ಯಾಡ ಎಂದವಳೇ ಕಾಶವ್ವ ಸೆರಗು ತಲೆಗೆಳೆದುಕೊಂಡು ನೆಲದ ಮೇಲೆ ಕುಳಿತೇಬಿಟ್ಟಳು. ಸಾವಿನ ಮನೆಯಲ್ಲಿ ಕೂರುವ ಹಾಗೆ. ಧನರಾಜ್ ಗಾಜಿನಾಚೆ ಹೋದ. ಕೆಂಪು ದೀಪ ಹತ್ತಿತು. ಅವಳು ಅಜ್ಜನ ಹುರಿಮೀಸೆ ಹೇಳಿದಳು, ಬಿಟ್ಟುಹೋದ ಜೋಡೆತ್ತು ಹೇಳಿದಳು, ತೊಟ್ಟಿಲು ಹೇಳಿದಳು, ಗುರುಬಾಯಿಯ ಬಳೆ ಹೇಳಿದಳು. ಉಡುಪಿಯವಳಾದ ನನಗೆ ಹೀಗೆ ಹಾಡಿ ಅಳುವುದು ಗೊತ್ತಿಲ್ಲ. ಗೊತ್ತಿದ್ದದ್ದು ಆ ಒಂದು ಹೆಸರು. ಮೈಕನ್ನು ಅವಳ ಮಟ್ಟಕ್ಕೆ ಬಗ್ಗಿಸಿ, ಪಕ್ಕದಲ್ಲಿ ಕುಳಿತು ನಾನೂ ಅದನ್ನೇ ಕೂಗಿದೆ. ಉಳಿದಿಬ್ಬರೂ ಕೂಗಿದರು. ಧನರಾಜ್ ನಿಲ್ಲಿಸಲಿಲ್ಲ.

ಮುಗಿದ ಮೇಲೆ, ಚಾನೆಲ್‌ನವರು ಕೇಳಿದರೆ ಏನು ಹೇಳಲಿ ಎಂದ.

"ದಾನಪ್ಪನ ಮೊಮ್ಮಗಳು ಅತ್ತಾಳ ಅಂತ ಹೇಳು."

ಆ ಕಂತು ಪ್ರಸಾರವಾದ ಸಂಜೆ ನಾನು ಚೆಂಬೂರಿನಲ್ಲಿ ಅವಳ ಮನೆಯಲ್ಲಿದ್ದೆ. ಒಳ್ಳೆ ಸೀರೆ ಉಟ್ಟು, ಮಲ್ಲಿಗೆ ಮುಡಿದು ಹೋಗಿದ್ದೆ. ಇಗರ್ಜಿಯ ಗಂಟೆ, ಗಾಳಿ, ಕರಿ ಬೆನ್ನುಗಳು. ಅವುಗಳ ನಡುವೆ ಇಟಲಿಯ ಗುಡ್ಡದಲ್ಲಿ "ದಾನಪ್ಪಾ" ಎಂಬುದು ಸಣ್ಣಗೆ, ಆದರೆ ಸ್ಪಷ್ಟವಾಗಿ ಕೇಳಿಸಿತು. ಇಷ್ಟು ಸಣ್ಣ ದನಿ ಯಾರಿಗೆ ಕೇಳಿಸುತ್ತದೆ ಎಂದು ಅವಳ ಮಗ ಶ್ರೀಶೈಲ ಅಂದ. ಕಾಶವ್ವ ಎದ್ದು ಬಚ್ಚಲಿಗೆ ಹೋದಳು. ತಲೆಯ ಮೇಲೆ ತಂಬಿಗೆ ತಂಬಿಗೆ ನೀರು ಸುರಿದುಕೊಳ್ಳುವುದು ನಮಗೆ ಹೊರಗೆ ಕೇಳುತ್ತಿತ್ತು.

ಒದ್ದೆ ಕೂದಲಲ್ಲಿ ಹೊರಬಂದು, ನನ್ನ ಕೈಗೆ ಟವೆಲ್ ಕೊಟ್ಟಳು.

"ನೀವೂ ಅಜ್ಜನ ಮಣ್ಣಿಗೆ ಬಂದಿದ್ರಿ. ಮೈ ತೊಳಕೊಂಡು ಬರ್ರಿ, ಉಣ್ಣೂಣು."

ನಾನು ಮಲ್ಲಿಗೆ ತೆಗೆದಿಟ್ಟು ಬಚ್ಚಲಿಗೆ ನಡೆದೆ.